ಉಡುವ ಮುನ್ನ ಓದಿರಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಬಳಕೆದಾರರಿಗಾಗಿ

ಅರಿವಿ ಕೊಂಡ ತಮಗೆ ಅಭಿನಂದನೆಗಳು. ಪೊಟ್ಟಣ ಬಿಚ್ಚುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿರಿ. ಪುರಸೊತ್ತಿಲ್ಲದವರು ಅಗಸಿ ಕಟ್ಟೆಯ ಮೇಲೆ ಕೂತ ಹಿರಿಯರ ಮುಂದೆ ಒಮ್ಮೆ ಹಾಯ್ದು ಹೋದರೂ ಸಾಕು. ಯಾರು ಏನು ಉಡಬೇಕೆಂಬುದನ್ನು ಅವರು ಕೇಳದೆಯೂ ಹೇಳುತ್ತಾರೆ.

ಹೆಣ್ಣು-ಗಂಡೆಂಬ ಗೆರೆ ದಾಟಿ ಉಡುವುದನ್ನು ದೊಡ್ಡ ಶಹರಗಳಲ್ಲಿ ಈಗ ಜೆಂಡರ್ ಫ್ಲೂಯಿಡ್ ಫ್ಯಾಷನ್ ಎಂದು ಮಾರುತ್ತಾರೆ. ಕೊಂಡವರಿಗೆ ಸಿಗುವುದು ಹೆಚ್ಚಾಗಿ ಬೂದಿ ಬಣ್ಣದ ಒಂದು ದೊಗಲೆ ಅಂಗಿ. ಯಾರ ಮೈಗೂ ಸರಿಹೊಂದದ ಕಾರಣಕ್ಕೇ ಅದು ಎಲ್ಲರದೂ ಆಗಿರುತ್ತದೆ. ನಮ್ಮ ಸೀಮೆಗೆ ಆ ಮಾಲು ಬೇಕಿಲ್ಲ. ಇಲ್ಲಿ ಗಂಡಸು ಸೀರೆ ಉಟ್ಟಿದ್ದಾನೆ, ಹೆಂಗಸು ಅಂಗಿ ತೊಟ್ಟಿದ್ದಾಳೆ. ಊರು ಅದನ್ನು ಕಂಡಿದೆ, ಕೈಮುಗಿದಿದೆ, ಟಿಕೀಟು ತೆಗೆಸಿ ನೋಡಿದೆ. ಕರಾರು ಒಂದೇ: ಪರವಾನಗಿ ಇರಬೇಕು. ಹೊಲದ್ದೋ, ದೇವರದೋ, ನಾಟಕದ್ದೋ, ಸರ್ಕಾರದ್ದೋ, ಯಾವುದಾದರೂ ನಡೆದೀತು. ಬರೀ ಮನಸ್ಸಾಯಿತು ಅಂತ ಉಟ್ಟರೆ ಮಾತ್ರ ಗ್ಯಾರಂಟಿ ರದ್ದು.

ಮಾಲಿನ ವಿವರ

ಗಜೇಂದ್ರಗಡದ ಹೆಸರು ಹೊತ್ತ ಪಟ್ಟೇದ ಅಂಚು ಸೀರೆಯನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಒರಟು ಹತ್ತಿ ನೂಲು, ಮೈತುಂಬ ಸಣ್ಣ ಚೌಕಳಿ, ಎದ್ದು ಕಾಣುವ ಅಗಲ ಅಂಚು. ಸವದತ್ತಿ ಎಲ್ಲಮ್ಮಗೆ ಏರಿಸುವ ಸೀರೆ, ಲಗ್ನದಾಗ ಮದುಮಗಳಿಗೆ ಕೊಡುವ ಸೀರೆ ಎಂಬ ಮಾನ ಇದಕ್ಕಿತ್ತು. ಮಗ್ಗದಿಂದ ಮರೆಯಾಗಿದ್ದ ಈ ನೇಯ್ಗೆಯನ್ನು ಹೇಮಲತಾ ಜೈನ್ ಅವರು ಹುಡುಕಿ, ನೇಕಾರರನ್ನು ಕೂಡಿಸಿ, ಮತ್ತೆ ಬಳಕೆಗೆ ತಂದರು. ಇದರ ವಿಶೇಷವೆಂದರೆ ಒಳಮಗ್ಗಲು, ಹೊರಮಗ್ಗಲು ಎಂಬ ಭೇದವಿಲ್ಲ. ಹೆಂಗ ತಿರುಗಿಸಿ ಉಟ್ಟರೂ ಸರಿ. ನಮ್ಮಲ್ಲಿ ಅಷ್ಟು ಸಲೀಸು ಅರಿವಿಗೆ ಮಾತ್ರ ಉಂಟು.

ಹೊಲಿಯದ ಅರಿವಿಗೆ ಗುಂಡಿಯಿಲ್ಲ, ಕಾಜಾ ಇಲ್ಲ, ಅಳತೆಯೂ ಇಲ್ಲ. ಧೋತರಕ್ಕೆ ಕಚ್ಚೆ ಹಾಕುತ್ತಾರೆ, ಹಳೇ ತಲೆಮಾರಿನ ಅವ್ವಂದಿರ ಸೀರೆಗೂ ಕಚ್ಚೆಯೇ. ಕಾಲ ನಡುವೆ ಹಾಯಿಸಿ ಬೆನ್ನಿಗೆ ಸಿಗಿಸುವ ವಿದ್ಯೆ ಇಬ್ಬರದೂ ಒಂದೇ. ಸವೆದ ಮೇಲಂತೂ ಕೇಳುವುದೇ ಬೇಡ. ಮನೆಯ ಕೌದಿ ಬಿಡಿಸಿ ನೋಡಿ: ಅಜ್ಜನ ಧೋತರದ ತುಂಡಿನ ಪಕ್ಕಕ್ಕೆ ಅಜ್ಜಿಯ ಇಳಕಲ್ಲು ಸೆರಗು, ಅದರ ಮೂಲೆಗೆ ಗುಳೇದಗುಡ್ಡದ ಖಣದ ಚೂರು, ಎಲ್ಲವನ್ನೂ ಹಿಡಿದು ಒಂದೇ ದಾರದ ಸಾಲು. ಅದನ್ನು ಹೊದ್ದು ಮಲಗುವವನು ‘ಈ ತುಂಡು ಯಾರದು’ ಎಂದು ಕೇಳಿದ್ದು ಗೊತ್ತಿಲ್ಲ.

ಮೊದಲನೆಯ ಪರವಾನಗಿ: ಹೊಲ

ಇದು ಅತಿ ಸುಲಭ, ಅರ್ಜಿ ಬೇಕಿಲ್ಲ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ನರಗುಂದ ದಾರಿಯ ಮೇಲೆ ಬೆಳಗಿನ ಟಂಟಂ ನಿಲ್ಲಿಸಿ ನೋಡಿ. ಒಳಗೆ ಕೂತ ಆಳು ಹೆಣ್ಮಕ್ಕಳೆಲ್ಲ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ತಲೆಗೆ ಟಾವೆಲ್ಲು. ಹತ್ತಿಕಾಯಿಯ ಒಣ ತುದಿ ಕೈ ಗೀರುತ್ತದೆ, ಎರೆಹೊಲದ ಬಿಸಿಲು ಚರ್ಮ ಸುಡುತ್ತದೆ, ಕುಬಸದ ತೋಳು ಮೊಳಕೈಗೂ ಬರುವುದಿಲ್ಲ. ಹಾಗಾಗಿ ಅಂಗಿ. ಮೆಣಸಿನಕಾಯಿ ಬಿಡಿಸುವಾಗಲೂ ಅದೇ, ರೋಣದ ಕಡೆ ಉಳ್ಳಾಗಡ್ಡಿ ಕೀಳುವಾಗಲೂ ಅದೇ.

ಅಂಗಿಯ ನಿಜವಾದ ಲಾಭ ಎದೆಯ ಮೇಲಿನ ಕಿಸೆ. ಮೊಬೈಲು, ಎಲಿ-ಅಡಿಕಿ, ಹತ್ತರ ಎರಡು ನೋಟು ಅಲ್ಲಿ. ಸೊಂಟದ ಸಂಚಿಗೆ ಅವತ್ತು ರಜೆ.

‘ಯಾರ ಅಂಗಿ ಯಕ್ಕಾ?’ ಅಂತ ಕೇಳಿದರೆ, ‘ಮನಿಯವರ್ದು. ಅವರಂತೂ ಹಾಕ್ಕೊಂಡು ದುಡಿಯೂದಿಲ್ಲ, ನನ್ನ ಮೈಮ್ಯಾಲರೆ ದುಡೀಲಿ’ ಎಂಬ ಉತ್ತರ ಬಂದೀತು. ತಯಾರಿರಿ.

ಬಳಕೆಯ ಸೂಚನೆ: ಹೊಲದಿಂದ ಬಂದು ಹೊಸ್ತಿಲು ದಾಟುವ ಮೊದಲು ಅಂಗಿ ಕಳಚಿ ಗೂಟಕ್ಕೆ ಹಾಕತಕ್ಕದ್ದು. ಅದೇ ಅಂಗಿಯಲ್ಲಿ ಸಂತೆಗೆ, ಲಗ್ನಕ್ಕೆ, ಬ್ಯಾಂಕಿಗೆ ಹೋದರೆ ಪರವಾನಗಿ ನಡೆಯುವುದಿಲ್ಲ. ಅವಳ ಮಗಳು ಅಂಥದೇ ಅಂಗಿಗೆ ಜೀನ್ಸ್ ಕೂಡಿಸಿ ಗದಗಿನ ಕಾಲೇಜಿಗೆ ಹೊರಟರೆ ‘ಗಂಡಬೀರಿ’ ಎಂಬ ಚೀಟಿ ಅಂಟುತ್ತದೆ. ಅವ್ವನಿಗೆ ಅಂಟಿರಲಿಲ್ಲ, ಅವ್ವ ಕೂಲಿ ತರುತ್ತಿದ್ದಳು.

ಎಚ್ಚರಿಕೆ. ಹೆಂಗಸು ಹೊಲದಲ್ಲಿ ಅಂಗಿ ತೊಟ್ಟರೆ ‘ಗಟ್ಟಿಗಿತ್ತಿ’ ಎನ್ನುವ ಊರು, ಗಂಡಸು ಸೀರೆ ಉಟ್ಟರೆ ಹಾಗೆನ್ನುವುದಿಲ್ಲ. ಕೆಲಸ ಮಾಡದ ಅಧಿಕಾರಿಗೆ, ಮಾತು ತಪ್ಪಿದ ರಾಜಕಾರಣಿಗೆ ಸೀರೆ-ಬಳಿ ಕೊಟ್ಟು ಪ್ರತಿಭಟಿಸುವುದು ನಮ್ಮ ಕಡೆಯ ಜನಪ್ರಿಯ ಪದ್ಧತಿ. ಆ ತಟ್ಟೆಯನ್ನು ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲುವವರೂ ಎಷ್ಟೋ ಸಲ ಹೆಣ್ಮಕ್ಕಳೇ. ತಾವು ದಿನಾ ತೊಡುವ ಬಳಿ ಬೇರೆಯವರಿಗೆ ಬೈಗುಳ ಹೆಂಗಾಯಿತು ಎಂದು ಅವರಲ್ಲಿ ಯಾರಾದರೂ ಒಬ್ಬರು ತಟ್ಟೆ ಕೆಳಗಿಟ್ಟು ಕೇಳುವ ದಿನಕ್ಕೆ ನಾನು ಕಾಯುತ್ತಿದ್ದೇನೆ.

ಎರಡನೆಯ ಪರವಾನಗಿ: ದೇವರು

ನರಗುಂದದವರಿಗೆ ಎಲ್ಲಮ್ಮನ ಗುಡ್ಡ ಹತ್ತಿರ. ಭಾರತ ಹುಣ್ಣಿಮೆ ಬಂತೆಂದರೆ ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು, ‘ಉಧೋ’ ಎನ್ನುತ್ತ ಭಂಡಾರ ಹಾರಿಸುತ್ತ ಹೊರಡುತ್ತಾರೆ. ಆ ಗದ್ದಲದ ನಡುವೆ ಸೀರೆ ಉಟ್ಟು, ಕವಡಿ ಸರ ಹಾಕಿ, ಹಣೆತುಂಬ ಭಂಡಾರ ಬಳಿದು, ತಲೆಯ ಮೇಲೆ ದೇವಿಯ ಬುಟ್ಟಿ, ಅಂದರೆ ಜಗ, ಹೊತ್ತು ಬರುವ ಜೋಗಪ್ಪನಿಗೆ ದಾರಿ ತಾನಾಗಿ ಬಿಡುತ್ತದೆ. ಚೌಡಿಕಿಯ ತಂತಿ ಮಿಡಿಯಿತೆಂದರೆ ಊರ ಗೌಡನೂ ಚಪ್ಪಲಿ ಬಿಟ್ಟು ಕಾಲಿಗೆ ಬೀಳುತ್ತಾನೆ. ಗಂಡಾಗಿ ಹುಟ್ಟಿದ ದೇಹ, ಹೆಣ್ಣಿನ ಉಡುಪು, ಕರೆಯುವುದು ‘ಅವ್ವಾ’ ಎಂದು. ಇದರಲ್ಲಿ ಯಾರಿಗೂ ತೊಡಕಿಲ್ಲ.

ಜಗ ಕೆಳಗಿಳಿಸಿದಿರೋ, ಕೆಟ್ಟಿರಿ. ಮಂಗಳವಾರ ಮನೆಬಾಗಿಲಿಗೆ ಬಂದ ಜೋಗಪ್ಪನಿಗೆ ಮೊರದಲ್ಲಿ ಜೋಳ ತಂದು ಹಾಕಿ ಆಶೀರ್ವಾದ ಬೇಡುವ ಮನೆಯವರೇ ಬುಧವಾರ ಬಾಡಿಗೆಗೆ ಕೋಣೆ ಕೇಳಿ ಬಂದರೆ ‘ಖಾಲಿ ಇಲ್ಲರಿ’ ಅನ್ನುತ್ತಾರೆ. ಸೀರೆ ಅದೇ, ಉಟ್ಟವರೂ ಅವರೇ. ಬುಟ್ಟಿ ಮಾತ್ರ ಇಲ್ಲ.

ಈ ಪರವಾನಗಿಯನ್ನು ಹೊಗಳಿ ಅಟ್ಟಕ್ಕೇರಿಸಲು ನನಗೆ ಮನಸ್ಸಿಲ್ಲ. ಇದೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಬಡವರ ಮನೆಯ ಎಷ್ಟೋ ಹೆಣ್ಣುಮಕ್ಕಳ ಬಾಳು ಹಾಳು ಮಾಡಿತು, ಅದಕ್ಕೇ 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ತರಬೇಕಾಯಿತು. ದೇವರ ಪರವಾನಗಿಗೆ ದೇವರಿಗಿಂತ ಊರವರೇ ಹೆಚ್ಚು ಬಡ್ಡಿ ವಸೂಲು ಮಾಡುತ್ತಾರೆ.

ಆದರೂ ಸೀರೆಯ ಸೆರಗನ್ನು ಹೇಗೆ ಬಳಸಬೇಕು ಎಂಬ ಪಾಠಕ್ಕೆ ಮಂಜಮ್ಮ ಜೋಗತಿಯವರನ್ನು ನೋಡಬೇಕು. ಇದೇ ಜೋಗಪ್ಪಗಳ ಪರಂಪರೆಯ, ಬಳ್ಳಾರಿ ಸೀಮೆಯ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ರಾಮನಾಥ ಕೋವಿಂದರ ಮುಂದೆ ನಿಂತು, ಸೆರಗಿನ ತುದಿ ಹಿಡಿದು, ಕೂಸಿನ ದೃಷ್ಟಿ ತೆಗೆಯುವಂತೆ ರಾಷ್ಟ್ರಪತಿಯ ದೃಷ್ಟಿ ತೆಗೆದರು. ಪ್ರೋಟೋಕಾಲಿನವರ ಕೈಪಿಡಿಯಲ್ಲಿ ಆ ಪುಟ ಇದ್ದಿರಲಿಕ್ಕಿಲ್ಲ.

ಮೂರನೆಯ ಪರವಾನಗಿ: ಕಥೆ ಮತ್ತು ನಾಟಕ

ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸುವ ಸಂಪ್ರದಾಯ ಉಂಟು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಭಾರತ ನಮ್ಮ ಸೀಮೆಯ ಸ್ವಂತ ಆಸ್ತಿ. ಮಳೆಗಾಗಿ ಹಿರಿಯರು ಆರಿಸಿದ ಪರ್ವ ಯಾವುದು ಗಮನಿಸಿ. ಅರ್ಜುನ ಒಂದು ವರ್ಷವಿಡೀ ಬೃಹನ್ನಳೆಯಾಗಿ ಬಳಿ ತೊಟ್ಟು, ಜಡೆ ಹಾಕಿ, ಉತ್ತರೆಗೆ ಕುಣಿತ ಕಲಿಸುವ ಪರ್ವ. ಕೀಚಕನನ್ನು ಕೊಲ್ಲಲು ಭೀಮನೂ ಹೆಣ್ಣುವೇಷದಲ್ಲಿ ಕಾದು ಕೂರುತ್ತಾನೆ. ಯುದ್ಧ ಗೆದ್ದ ಮೇಲೆ ಉತ್ತರೆಯ ಬೊಂಬೆಗಳಿಗೆ ಅರಿವಿ ಬೇಕೆಂದು ಮೂರ್ಛೆ ಹೋದ ಕೌರವ ವೀರರ ಮೇಲುವಸ್ತ್ರಗಳನ್ನೇ ಕಳಚಿ ತರಿಸುತ್ತಾರೆ. ಮಹಾರಥಿಗಳ ಉಡುಪು ಬೊಂಬೆಯ ಮೈಗೆ! ಇದನ್ನೆಲ್ಲ ಭಕ್ತಿಯಿಂದ ಕೇಳಿ, ಮಂಗಳಾರತಿ ಹಿಡಿದು, ಹೊರಗೆ ಬಂದು, ಕಿವಿಗೆ ರಿಂಗು ಹಾಕಿದ ಹುಡುಗನನ್ನು ಕಂಡು ‘ಮಳಿ ಯಾಕ ಬಂದೀತು ಹೇಳ್ರಿ’ ಎಂದು ನಿಟ್ಟುಸಿರು ಬಿಡಬಹುದು. ಎರಡನ್ನೂ ಒಂದೇ ದಿನ ಮಾಡಲು ಈ ಕೈಪಿಡಿಯ ಅಡ್ಡಿಯಿಲ್ಲ.

ಕಂಪನಿ ನಾಟಕಗಳದು ಇನ್ನೊಂದು ತಮಾಷೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸೀರೆ ಉಡುವ, ಹೆರಳು ಕಟ್ಟುವ ರೀತಿ ನೋಡಿ ಮನೆಯ ಹೆಣ್ಣುಮಕ್ಕಳು ಅದನ್ನೇ ಅನುಸರಿಸುತ್ತಿದ್ದರು. ಹೆಂಗಸರ ಫ್ಯಾಷನ್ನನ್ನು ಗಂಡಸೊಬ್ಬ ತೀರ್ಮಾನಿಸಿದ್ದು ಹೀಗೆ. ನಮ್ಮ ಪಕ್ಕದ ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರು ಹರೆಯದಲ್ಲಿ ಸ್ತ್ರೀಪಾತ್ರ ಮಾಡಿದವರು, ಮುಂದೆ ಬಸವಣ್ಣನ ಪಾತ್ರದಿಂದ ಮನೆಮಾತಾದರು. ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡರು. ಸೀರೆ ಉಟ್ಟವನು ಬಸವಣ್ಣನಾಗಲು ಯೋಗ್ಯನಲ್ಲ ಎಂದು ಯಾರೂ ತಕರಾರು ತೆಗೆಯಲಿಲ್ಲ. ಈಗ ಜಾತ್ರೆಯ ನಾಟಕಕ್ಕೆ ಒಂದು ರಾತ್ರಿಯ ಪಗಾರ ಕೊಟ್ಟು ಪಾತ್ರಧಾರಿಣಿಯರನ್ನು ಕರೆಸುತ್ತಾರೆ. ಊರ ಹುಡುಗರಿಗೆ ನಾಯಕ, ಖಳನಾಯಕ, ಪೊಲೀಸು ಸಾಕು. ಸೀರೆಯ ಪರವಾನಗಿ ಇಲ್ಲಿ ನವೀಕರಣವಾಗದೆ ಬಿದ್ದಿದೆ.

ನಾಲ್ಕನೆಯ ಪರವಾನಗಿ: ಸರ್ಕಾರ

ಇಲ್ಲಿ ರಿಜಿಸ್ಟರ್ ತೆರೆಯುತ್ತಾರೆ, ಹುಷಾರಾಗಿರಿ. ಬ್ರಿಟಿಷರ ಕಾಲಕ್ಕೆ ಗಜೇಂದ್ರಗಡ ಮುಂಬೈ ಇಲಾಖೆಯ ಕಡೆಗಿತ್ತು. ಪೂರ್ವಕ್ಕೆ ಕುಷ್ಟಗಿ ಹಾದಿ ಹಿಡಿದರೆ ನಿಜಾಮರ ಸೀಮೆ. ಹೈದರಾಬಾದ್ ಸಂಸ್ಥಾನವು 1329 ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ‘ನಪುಂಸಕ’ರ ಪಟ್ಟಿ ಇಡುವ ಕಾನೂನು ಮಾಡಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಪಿನಲ್ಲಿ, ಒಡವೆ ಹಾಕಿ, ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೂ ಹಾಕಬಹುದು. ಆ ಪಟ್ಟಿಯಲ್ಲಿ ಹೆಸರಿದ್ದವರ ಪಾಲಿಗೆ ಗಡಿಯ ಈಚೆಗೆ ಉಟ್ಟ ಸೀರೆ ಆಚೆ ಕಾಲಿಟ್ಟೊಡನೆ ಅಪರಾಧ. ಪಕ್ಕದ ತೆಲಂಗಾಣದಲ್ಲಿ ಆ ಕಾನೂನನ್ನು ಹೈಕೋರ್ಟು ಹೊಡೆದುಹಾಕಿದ್ದು 2023ರಲ್ಲಿ.

ನಗಬೇಡಿ, ನಮ್ಮದೂ ಕಡಿಮೆಯಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಇಂಥದೇ ರಿಜಿಸ್ಟರಿಗೆ ಜಾಗ ಮಾಡಿದರು. ಹೋರಾಟಗಾರರು ಹೈಕೋರ್ಟಿಗೆ ಹೋದ ಮೇಲೆ ಆ ಕಲಮಿನಲ್ಲಿದ್ದ ‘ನಪುಂಸಕ’ ಎಂಬ ಪದ ಅಳಿಯಿತು. ಈ ನಡುವೆ, 2014ರ ಏಪ್ರಿಲ್ 15ರಂದು, ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿತು. ತಾನು ಯಾರೆಂಬುದನ್ನು ಉಡುಪಿನ ಮೂಲಕ ತೋರಿಸಿಕೊಳ್ಳುವುದು ಅಭಿವ್ಯಕ್ತಿ ಸ್ವಾತಂತ್ರ್ಯವೆಂದೂ ಹೇಳಿತು. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆ ಬಂದು, ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಯತ್ತ ಬೆರಳು ತೋರಿಸಿತು. 2021ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರಿಗಳಲ್ಲಿ ಅವರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲಿ ಇದೇ ಮೊದಲು. ಒಳ್ಳೆಯದಾಯಿತು. ಆದರೂ ಮನಸ್ಸಿಗೆ ಬಂದ ಅಂಗಿ ತೊಡುವ ಆಸೆಗೆ ಗದಗಿನ ಡಿಸಿ ಕಚೇರಿಯ ಶಿಕ್ಕಾ ಏಕೆ ಎಂದು ಯಾರಾದರೂ ಕೇಳಿದರೆ, ಅರ್ಜಿ ನಮೂನೆಯಲ್ಲಿ ಆ ಕಲಂ ಇಲ್ಲ.

ತೊಂದರೆ ಮತ್ತು ಪರಿಹಾರ

ಜನ ನಗುತ್ತಿದ್ದಾರೆಯೇ? ತಲೆಯ ಮೇಲೆ ಜಗ ಇದೆಯೇ ನೋಡಿಕೊಳ್ಳಿ. ಇಲ್ಲವೇ ಹಿಂದೆ ನಾಟಕದ ಪರದೆ ಕಟ್ಟಿಸಿರಿ.

ಕಾಕಾ ಬೈಯುತ್ತಿದ್ದಾರೆಯೇ? ಜೇಡರ ದಾಸಿಮಯ್ಯ ಹೆಣ್ಣು-ಗಂಡಿನ ಗುರುತುಗಳ ಬಗ್ಗೆ ಬರೆದ ವಚನವನ್ನು ನೆನಪಿಸಿರಿ. ಅವರಿಗೆ ಅದು ಬಾಯಿಪಾಠ ಇರುತ್ತದೆ, ಬಸವ ಜಯಂತಿಯ ಭಾಷಣದಲ್ಲಿ ಹೇಳಿಯೂ ಇರುತ್ತಾರೆ. ಬೈಗುಳ ನಿಲ್ಲುವ ಗ್ಯಾರಂಟಿ ಇಲ್ಲ, ಒಂದು ಕ್ಷಣ ತಡವಂತೂ ಆಗುತ್ತದೆ.

ಬಣ್ಣ ಬಿಡುತ್ತಿದೆಯೇ? ಮೊದಲ ಸಲ ಉಪ್ಪುನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಇದೊಂದು ಸೂಚನೆ ಎಲ್ಲರಿಗೂ ಸಮನಾಗಿ ಅನ್ವಯ.

ಅಳತೆ ಕೊಡುವ ವಿಧಾನ

ಪರವಾನಗಿ ಯಾವುದೂ ಇಲ್ಲದವರು ಟೇಲರ್ ಹತ್ತಿರ ಹೋಗಬೇಕು. ‘ಜೆಂಟ್ಸ್ ಮತ್ತು ಲೇಡೀಸ್’ ಎಂಬ ಬೋರ್ಡಿದ್ದರೆ ಉತ್ತಮ. ಖಣದ ಅರಿವಿ ಮುಂದಿಡಿ. ಸೊಂಟದಲ್ಲಿ ಹಿಡಿಯಬೇಕು, ತೋಳು ಗಿಡ್ಡ ಬೇಕು, ಗುಂಡಿ ಎಡಕ್ಕೋ ಬಲಕ್ಕೋ ಎಂಬುದನ್ನು ಸ್ಪಷ್ಟವಾಗಿ ಹೇಳಿ. ‘ಯಾರಿಗಿದು? ತಂಗಿಗೇನು?’ ಎಂದು ಕೇಳುತ್ತಾನೆ. ‘ನನಗರಿ’ ಎಂದಷ್ಟೇ ಹೇಳಿ ಸುಮ್ಮನಿರಿ. ಕಾರಣ ಕೊಡಲು ಹೋದರೆ ಕಟ್ಟೆಯವರೂ ಬಂದು ಕೂಡಿಕೊಳ್ಳುತ್ತಾರೆ. ಅವನು ಟೇಪು ಕೊರಳಿಂದ ತೆಗೆದು, ಎದೆ, ಸೊಂಟ, ತೋಳು ಅಳೆದು, ಅಳತೆಯ ವಹಿಯ ಗಂಡಸರ ಪುಟ, ಹೆಂಗಸರ ಪುಟ ಎರಡನ್ನೂ ಒಮ್ಮೆ ತಿರುವಿ ಹಾಕಿ, ಕೊನೆಗೆ ಹಿಂಬದಿಯ ರಟ್ಟಿನ ಮೇಲೆ ನಂಬರು ಬರೆದುಕೊಳ್ಳುತ್ತಾನೆ.

‘ಕಿಸೆ?’

‘ಎರಡು ಇಡ್ರಿ.’

‘ಕಿಸೆಕ್ಕ ಬ್ಯಾರೆ ರೊಕ್ಕ. ಈಗ ಸಾಲಿ ಯುನಿಫಾರ್ಮಿನ ಗದ್ದಲ ಐತಿ, ಪಂಚಮಿ ಮುಂದ ಬಾ.’