ಓಗೊಡುವವರು ಹೆಚ್ಚಾದರೆ

ನಮ್ಮ ಬಸ್ರೂರಿಗೆ ಹೊರಗಿನವರು ಬರುವುದು ಹೊಸತಲ್ಲ. ವಾರಾಹಿ ಹೊಳೆಯ ಬಂದರಿಗೆ ಅರಬರು ಬಂದರು, ಪೋರ್ಚುಗೀಸರು ಬಂದರು, 1665ರಲ್ಲಿ ಶಿವಾಜಿಯೇ ಹಡಗು ಕಟ್ಟಿಕೊಂಡು ಬಂದ. ಎಲ್ಲರೂ ಬೇಕಾದದ್ದು ಬಾಚಿಕೊಂಡು ಹೊರಟುಹೋದರು. ಕೊರಿಯರ್ ಹುಡುಗನ ಬೈಕಿನಲ್ಲಿ ನಮ್ಮ ಮನೆಗೆ ಬಂದ ಮೂವರು ಮಾತ್ರ ಹೋಗುವ ಲಕ್ಷಣವೇ ಕಾಣುತ್ತಿಲ್ಲ.

ಇಬ್ಬರು ಒಂದೇ ಕಂಪನಿಯ ಅಕ್ಕತಂಗಿಯರು. ಬೆಂಗಳೂರಿನ ಮಗ ಹಬ್ಬದ ರಿಯಾಯಿತಿಯಲ್ಲಿ ಜೋಡಿಯಾಗಿ ಕಳಿಸಿದ್ದು. ಅಕ್ಕ ಚಾವಡಿಯಲ್ಲಿ, ತಂಗಿ ಮಲಗುವ ಕೋಣೆಯಲ್ಲಿ. ಅಣ್ಣ ಕೊಟ್ಟ ಮೇಲೆ ತಾನು ಕೊಡದಿದ್ದರೆ ಹೇಗೆಂದು ದುಬೈಯ ಮಗಳು ಬೇರೆ ಕಂಪನಿಯವಳೊಬ್ಬಳನ್ನು ಕಳಿಸಿದಳು. ಅವಳಿಗೆ ಅಡುಗೆಮನೆ. ಮೂವರೂ ಮಾತು ಕೇಳಿ ಕೆಲಸ ಮಾಡುವ ಸ್ಮಾರ್ಟ್ ಸ್ಪೀಕರ್ ಡಬ್ಬಿಗಳು; ಹೆಸರು ಹಿಡಿದು ಕರೆದರಷ್ಟೇ ಓಗೊಡುತ್ತಾರೆ. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಗಟ್ಟಿಯಾಗಿ ಓದುವ ಅಭ್ಯಾಸ ನಿಮಗಿದ್ದರೆ ನಿಮ್ಮ ಮನೆಯವಳು ಎದ್ದು ಕೂತಾಳು. ಉತ್ಪ್ರೇಕ್ಷೆಯಲ್ಲ. 2017ರಲ್ಲಿ ಅಮೆರಿಕದ ಬರ್ಗರ್ ಕಿಂಗ್‌ನವರು ಟಿವಿ ಜಾಹೀರಾತಿನೊಳಗಿನಿಂದ ಬೇಕೆಂದೇ ಗೂಗಲ್‌ನ ಡಬ್ಬಿಯನ್ನು ಕರೆದು, ತಮ್ಮ ಬರ್ಗರ್ ಏನೆಂದು ಕೇಳಿದ್ದರು. ಜನರ ಮನೆಗಳಲ್ಲಿ ಸುಮ್ಮನೆ ಕೂತಿದ್ದ ಡಬ್ಬಿಗಳು ವಿಕಿಪೀಡಿಯ ತೆಗೆದು ಪಾರಾಯಣ ಶುರುಮಾಡಿದವು.

ಹೆಸರು ಕೇಳಿಸಿತೋ ಇಲ್ಲವೋ ಎಂದು ನೋಡುವುದಷ್ಟೇ ಡಬ್ಬಿಯ ಸ್ವಂತ ಬುದ್ಧಿ. ಆಮೇಲಿನ ಮಾತು ಹೆಚ್ಚಾಗಿ ಇಂಟರ್ನೆಟ್ಟಿನಲ್ಲಿ ಎಲ್ಲಿಗೋ ಹೋಗಿ, ಅಲ್ಲಿಂದ ಅಪ್ಪಣೆ ಬರಬೇಕು. ಒಂದೇ ಬಳಗದ ಇಬ್ಬರಿಗೂ ಕೂಗು ಕೇಳಿದರೆ, ಯಾರಿಗೆ ಸ್ಪಷ್ಟವಾಗಿ ಕೇಳಿತೋ ಅವಳೇ ಉತ್ತರಿಸಬೇಕೆಂಬ ನಿಯಮವೂ ಇದೆ. ನಿಯಮ ಮಾಡಿದವರು ಹಂಚಿನ ಮನೆ ಕಂಡವರಲ್ಲ. ನಮ್ಮ ಮನೆಯ ಗೋಡೆಗಳು ಮಾಡಿನ ತನಕ ಹೋಗುವುದೇ ಇಲ್ಲ. ಚಾವಡಿಯಲ್ಲಿ ಪಿಸುಗುಟ್ಟಿದ್ದು ಮೇಲಿಂದ ಹಾರಿ ಕೋಣೆಗೆ ಬೀಳುತ್ತದೆ. ಹಾಗಾಗಿ ಚಾವಡಿಯಲ್ಲಿ ಕೂತು ವಾರ್ತೆ ಕೇಳಿದರೆ ತಂಗಿ ಕೋಣೆಯೊಳಗೆ ಮಲಗಿದ್ದವರನ್ನು ಎಬ್ಬಿಸಿ ಓದುತ್ತಾಳೆ.

ಅಕ್ಕತಂಗಿಯರದು ಹೇಗೋ ನಡೆಯುತ್ತದೆ. ಎರಡು ಕಂಪನಿಗಳ ನಡುವಿನ ಸಂಬಂಧ ಹಾಗಲ್ಲ. ಹಿಂದೆ ಬಸ್ರೂರಿನಲ್ಲಿ ಮೂಡುಕೇರಿಗೆ ಒಂದು, ಪಡುವಕೇರಿಗೆ ಒಂದು ಎಂದು ಬೇರೆ ಬೇರೆ ‘ಹಲರು’, ಎಂದರೆ ವರ್ತಕರ ಸಭೆಗಳಿದ್ದುದನ್ನು ಶಾಸನಗಳು ಹೇಳುತ್ತವೆ. ಆ ಎರಡು ಕೇರಿಗಳಿಗೆ ಬಂದರಾದರೂ ಒಂದೇ ಇತ್ತು. ನಮ್ಮ ಚಾವಡಿಗೂ ಅಡುಗೆಮನೆಗೂ ಸಮಾನವಾದದ್ದು ಕರೆಂಟ್ ಬಿಲ್ಲು ಮಾತ್ರ. ಕುಚ್ಚಲಕ್ಕಿ ಗಂಜಿಗೆ ಹೆಂಡತಿ ಅಡುಗೆಮನೆಯವಳ ಹತ್ತಿರ ಟೈಮರ್ ಇಡಿಸಿ ಚಾವಡಿಗೆ ಬಂದು ಕೂರುತ್ತಾಳೆ. ಒಳಗೆ ಗಂಟೆ ಬಡಿದುಕೊಳ್ಳುತ್ತದೆ. ‘ನಿಲ್ಲಿಸು’ ಎಂದು ಚಾವಡಿಯವಳಿಗೆ ಹೇಳಿದರೆ, ಮನೆಯೆಲ್ಲ ಆ ಗಂಟೆಯಿಂದ ತುಂಬಿರುವಾಗಲೇ, ‘ಯಾವ ಟೈಮರೂ ಇಲ್ಲವಲ್ಲ’ ಎಂದು ಶುದ್ಧ ಇಂಗ್ಲಿಷಿನಲ್ಲಿ ಪ್ರಮಾಣ ಮಾಡುತ್ತಾಳೆ.

2022ರಲ್ಲಿ ಅಮೆಜಾನ್, ಆಪಲ್, ಗೂಗಲ್ ಮೊದಲಾದವರು ಸೇರಿ ‘ಮ್ಯಾಟರ್’ ಎಂಬ ಒಪ್ಪಂದ ಹೊರತಂದರು. ಅದನ್ನು ಒಪ್ಪಿದ ಬಲ್ಬು ಯಾವ ಕಂಪನಿಯ ಡಬ್ಬಿ ಹೇಳಿದರೂ ಕೇಳುತ್ತದೆ. ಬಲ್ಬಿಗೇನೋ ಬುದ್ಧಿ ಬಂತು, ಯಜಮಾನಿಯರಿಗೆ ಬರಲಿಲ್ಲ. ಒಬ್ಬಳು ಹಚ್ಚಿದ್ದನ್ನು ಇನ್ನೊಬ್ಬಳು ಆರಿಸುತ್ತಾಳೆ. ಯಾಕೆಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ.

ಭಾಷೆಯದು ಬೇರೆ ಕತೆ. ಮೂವರಿಗೂ ಇಂಗ್ಲಿಷು, ಹಿಂದಿ ಗೊತ್ತು. ನಮ್ಮ ಅಮ್ಮನಿಗೆ ಗೊತ್ತಿರುವುದು ಕುಂದಾಪ್ರ ಕನ್ನಡ ಒಂದೇ. ಅದರಲ್ಲೂ ಅಪ್ಪನನ್ನು ಜೀವಮಾನದಲ್ಲಿ ಹೆಸರು ಹಿಡಿದು ಕರೆದವರಲ್ಲ. ‘ಹ್ವಾಯ್’ ಎಂದರೆ ಬರಬೇಕಾದವರು ಬರುತ್ತಿದ್ದರು. ಡಬ್ಬಿಗೂ ಅದೇ ಮರ್ಯಾದೆ. ‘ಹ್ವಾಯ್, ಫ್ಯಾನ್ ಹಾಕಿ ಕಾಂಬ’ ಎಂದು ಕಾದರು. ಕೊನೆಗೆ ‘ಎಂತ ಮಾರಾಯ್ತಿ, ಕೆಮಿ ಕೇಂತಿಲ್ಯಾ?’ ಎಂದು ತಾವೇ ಎದ್ದು ಹಾಕಿಕೊಂಡರು.

ದೀಪಗಳಿಗೆ ಹೆಸರಿಡುವಾಗಲೂ ಇದೇ ಪಾಡು. ‘ಚಾವಡಿ’ ಎಂದರೆ ಆ ಇಂಗ್ಲಿಷ್ ಕಿವಿಗೆ ಹತ್ತಲಿಲ್ಲ. ‘ಹಾಲ್’ ಎಂದಿಟ್ಟೆವು. ಒಂದು ಸಂಜೆ ಜಗಲಿಯಿಂದ ‘ಹಾಲ್ ಆಫ್’ ಎಂದು ಕೂಗಿದೆ. ಮೂರು ಡಬ್ಬಿಗಳೂ ಸುಮ್ಮನಿದ್ದವು. ಹೆಂಡತಿ ಒಲೆ ಆರಿಸಿದಳು. ಮನೆಯಲ್ಲಿ ಒಂದೇ ಕೂಗಿಗೆ ಓಗೊಡುವವರು ಯಾರೆಂದು ಅಂದು ಇತ್ಯರ್ಥವಾಯಿತು.

ಪರಿಹಾರ ಸಿಕ್ಕಿದ್ದು ಯಕ್ಷಗಾನದಿಂದ. ದೀಪಗಳಿಗೆ ಭೀಮ, ಅರ್ಜುನ ಎಂದು ಪಾತ್ರಗಳ ಹೆಸರಿಟ್ಟೆವು. ಡಬ್ಬಿಗಳಿಗೆ ಅವು ಚೆನ್ನಾಗಿ ಅರ್ಥವಾಗುತ್ತವೆ. ಬಚ್ಚಲಿನ ಬಲ್ಬು ದುರ್ಯೋಧನ, ನೀರಿನಲ್ಲಿ ಅಡಗಿದವನು ಅವನೇ ತಾನೇ. ‘ದುರ್ಯೋಧನನನ್ನು ಆರಿಸಿದ್ರಾ?’ ಎಂದು ರಾತ್ರಿ ಅಮ್ಮ ಕೇಳುವುದು ಪಕ್ಕದ ಮನೆಗೂ ಕೇಳುತ್ತದೆ. ಕೆಲಸವನ್ನೂ ಹಂಚಿದೆವು: ದೀಪ, ಫ್ಯಾನು ಚಾವಡಿಯವಳಿಗೆ, ಟೈಮರು ಅಡುಗೆಮನೆಯವಳಿಗೆ, ಕೋಣೆಯವಳ ಮೈಕು ಹಗಲೆಲ್ಲ ಬಂದ್.

ಇಷ್ಟಾದರೂ ಎಲ್ಲರ ಮೇಲಿನ ಯಜಮಾನ ಮಳೆಗಾಲ. ಆಷಾಢದ ಗಾಳಿಗೆ ಕರೆಂಟು ಹೋದರೆ ಮೂವರೂ ಮೂಕರು. ನಡುರಾತ್ರಿ ಅದು ವಾಪಸು ಬಂದರೆ ಇಂಥ ಬಲ್ಬುಗಳು ಯಾರೂ ಹೇಳದೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಮನೆ ಕೋಟೇಶ್ವರದ ಕೊಡಿಹಬ್ಬದ ಪೇಟೆಯಂತಾಗುತ್ತದೆ. ಆಗ ಎಲ್ಲರಿಗಿಂತ ಮೊದಲು ಏಳುವವರು ಅಮ್ಮ. ಕೋಣೆ ಬಿಡುವಾಗ ಸ್ವಿಚ್ಚು ಆರಿಸಬೇಕೆಂಬುದು ಅವರ ಶಿಸ್ತು. ಗೋಡೆಯಲ್ಲಿ ಆರಿಸಿದ ಬಲ್ಬನ್ನು ಯಾವ ಡಬ್ಬಿಯೂ ಬಾಯಿಂದ ಹಚ್ಚಲಾರದು. ಹೀಗೆ ಭೀಮಾರ್ಜುನರನ್ನೂ ದುರ್ಯೋಧನನನ್ನೂ ಒಂದೇ ಬೆರಳಿನಲ್ಲಿ ಮಲಗಿಸಿ ಅವರು ಮತ್ತೆ ನಿದ್ದೆ ಹೋಗುತ್ತಾರೆ.

ಹೊಸ ಮನೆ ಕಟ್ಟಿಸುವವರಿಗೆ ಒಂದು ಮಾತು: ಡಬ್ಬಿ ಎಷ್ಟಾದರೂ ಇಡಿ, ಗೋಡೆಯ ಸ್ವಿಚ್ಚು ಮಾತ್ರ ತೆಗೆಸಬೇಡಿ. ಅದಕ್ಕೆ ಯಾವ ಭಾಷೆಯೂ ಬಾರದು; ಆದರೆ ಯಾರು ಒತ್ತಿದರೂ ಕೇಳುತ್ತದೆ.