ಸಮಿತಿಗೊಬ್ಬ ರೋಗಿ ಬೇಕಾಗಿದ್ದಾನೆ

(ತಾಲ್ಲೂಕು ಆಸ್ಪತ್ರೆ. ಆರೋಗ್ಯ ರಕ್ಷಾ ಸಮಿತಿಗೆ ಸದಸ್ಯರ ಪಟ್ಟಿ ತಯಾರಾಗುತ್ತಿದೆ.)

ಸಾಹೇಬರು: 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಿಂದ ಜನರ ದನಿ, ಜನರ ದನಿ ಅಂತಾನೇ ಇದಾರೆ ಕಣ್ರೀ. ಪಟ್ಟಿ ಓದಿ.

ಗುಮಾಸ್ತ: ಶಾಸಕರು, ಅವರ ಭಾವಮೈದ, ಮೆಡಿಕಲ್ ಶಾಪ್ ಮಾಲೀಕರು...

ಸಾಹೇಬರು: ಮಹಿಳೆ?

ಗುಮಾಸ್ತ: ಮಾಲೀಕರ ಶ್ರೀಮತಿ.

ಸಾಹೇಬರು: ದಲಿತರು?

ಗುಮಾಸ್ತ: ಒಬ್ಬರಿದಾರೆ. ಅವರಿಗೆ ತೊಂದರೆ ಯಾಕೆ ಅಂತ ಮನೆಗೇ ಹೋಗಿ ಸಹಿ ಹಾಕಿಸ್ಕೊಂಡು ಬರ್ತೀನಿ.

ಸಾಹೇಬರು: ರೋಗಿಗಳು?

ಗುಮಾಸ್ತ: ಮಾಲೀಕರಿಗೆ ಶುಗರ್ ಇದೆ ಸಾರ್.

ಸಾಹೇಬರು: ಇಲ್ಲೇ ತೋರಿಸ್ತಾರಾ?

ಗುಮಾಸ್ತ: ಛೆ ಛೆ, ಬೆಂಗಳೂರಲ್ಲಿ. ಅದಕ್ಕೇ ನಮ್ಮ ಆಸ್ಪತ್ರೆ ಮೇಲೆ ಅವರದೊಂದೂ ದೂರಿಲ್ಲ.

ಸಾಹೇಬರು: ಹೆರಿಗೆ ವಾರ್ಡಿನ ಹೊರಗೆ ಚಾಪೆ ಹಾಸ್ಕೊಂಡು ಕೂತಿದಾರಲ್ಲ, ಆ ಅಜ್ಜಿ?

ಗುಮಾಸ್ತ: ಕೇಳ್ದೆ ಸಾರ್. "ಬಸ್ಸೇನೋ ಫ್ರೀ ಕಣಪ್ಪ, ಹನ್ನೊಂದು ಗಂಟೆಗೆ ಮೀಟಿಂಗ್ ಇಟ್ರೆ ಆ ದಿನದ ಕೂಲಿ ಯಾರು ಕೊಡ್ತಾರೆ? ಕಕ್ಕಸಿಗೆ ಚಿಲಕ ಹಾಕ್ಸೋಕೂ ಮೀಟಿಂಗ್ ಬೇಕಾ?" ಅಂದ್ರು.

ಸಾಹೇಬರು: ಅಯ್ಯೋ, ಇಂಥವರು ಬಂದ್ರೆ ಮೀಟಿಂಗ್ ಬಿಟ್ಟು ಕೆಲಸ ನಡೆದುಬಿಡುತ್ತೆ! ಶುಗರ್ರೇ ಇರಲಿ ಬಿಡಿ.

ಗುಮಾಸ್ತ: ಶಾಸಕರಿಗೆ ಬಿ.ಪಿ. ಇದೆ ಸಾರ್. ಸೇರಿಸಿದ್ರೆ ಎರಡು ಸಮುದಾಯಕ್ಕೆ ಪ್ರಾತಿನಿಧ್ಯ ಕೊಟ್ಟ ಹಾಗಾಯ್ತು.