ಕಾಸಿನ ಸರಕ್ಕೆ ವಿಮೆ ಮಾಡಿಸುವ ಕೈಪಿಡಿ

ಬೇಕಾಗುವ ಸಾಮಗ್ರಿ: ಸ್ವಂತ ಮನೆ, ಒಂದಷ್ಟು ಬಂಗಾರ, ಅದನ್ನು ಎಲ್ಲಿಟ್ಟಿದ್ದೇವೆಂದು ನೆನಪಿರುವ ಒಬ್ಬರು ಹಿರಿಯರು.

ಹಂತ 1. ಒಡವೆ ಹುಡುಕಿ. ಬೀರುವಿನ ಲಾಕರಿನಲ್ಲಿ ಇರುವುದಿಲ್ಲ. ಕಳ್ಳ ಮೊದಲು ನೋಡುವುದು ಅಲ್ಲೇ ಎಂದು ಅಜ್ಜಿಗೆ ಗೊತ್ತು. ಅಕ್ಕಿ ಡಬ್ಬಿ, ರೇಷ್ಮೆ ಸೀರೆಯ ಮಡಿಕೆ, ದೇವರ ಗೂಡಿನ ಹಿಂಭಾಗ, ಈ ಕ್ರಮದಲ್ಲಿ ತಡಕಿ.

ಹಂತ 2. ಪಟ್ಟಿ ಮಾಡಿ. ಅವಲಕ್ಕಿ ಸರ, ಬಿಲ್ವಾರ, ಡಾಬು ಒಂದೊಂದರ ತೂಕ, ಕ್ಯಾರೆಟ್, ಫೋಟೊ ಇರಲಿ. ಈ ಹೊತ್ತಿನಲ್ಲಿ ಅತ್ತೆ, ಸೊಸೆ, ನಾದಿನಿ ಒಂದೇ ಕೋಣೆಯಲ್ಲಿ ಇರಕೂಡದು. "ಆ ಬಿಲ್ವಾರ ನನಗೇ ಅಂತ ಹೇಳಿದ್ರಲ್ಲಾ ಅತ್ತೆ?" ಎಂಬ ಮಾತಿನಿಂದಾಗುವ ನಷ್ಟಕ್ಕೆ ಯಾವ ಪಾಲಿಸಿಯೂ ಪರಿಹಾರ ಕೊಡುವುದಿಲ್ಲ.

ಹಂತ 3. ಬೆಲೆ ಕಟ್ಟಿಸಿ. 2021ರ ಏಪ್ರಿಲ್‌ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮಂಚ, ಟಿವಿ, ಫ್ರಿಜ್ಜುಗಳಿಗೆ ಕಟ್ಟಡದ ವಿಮಾ ಮೊತ್ತದ ಶೇ. 20ರವರೆಗೆ, ಗರಿಷ್ಠ 10 ಲಕ್ಷ ರೂಪಾಯಿ, ಪಟ್ಟಿ ಕೊಡದೆಯೇ ರಕ್ಷಣೆಯಿದೆ. ಒಡವೆಗೆ ಬೇರೆ ಪ್ರೀಮಿಯಂ ಕಟ್ಟಬೇಕು. ಒಟ್ಟು 5 ಲಕ್ಷದೊಳಗೆ, ಒಂದೊಂದೂ 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪಕರ ಪತ್ರ ಬೇಡ. ಇಂದಿನ ದರಕ್ಕೆ ಓಲೆ, ಉಂಗುರ ಈ ಮಿತಿಯಲ್ಲಿ ಹಿಡಿಸೀತು. ಕಾಸಿನ ಸರ ಹಿಡಿಸದು. ಶೇ. 3ರ ಜಿಎಸ್‌ಟಿ ಉಳಿಸಲು ಬಿಲ್ಲಿಲ್ಲದೆ ಕೊಂಡವರು ತಮ್ಮ ಜಾಣತನವನ್ನು ಈ ಹಂತದಲ್ಲಿ ಮೆಲುಕು ಹಾಕಬಹುದು.

ಹಂತ 4. ಸಣ್ಣಕ್ಷರ ಓದಿ. ಗಟ್ಟಿ ಚಿನ್ನ, ನಾಣ್ಯ, ನೋಟು, ಪ್ರತ್ಯೇಕವಾಗಿ ಬರೆಸದಿದ್ದರೆ, ಲೆಕ್ಕಕ್ಕಿಲ್ಲ. ಅಂದರೆ ಅಕ್ಷಯ ತೃತೀಯಕ್ಕೆ ಸಾಲಿನಲ್ಲಿ ನಿಂತು ತಂದ ನಾಣ್ಯವೂ ಹೊರಗೆ. ಇನ್ನು ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರ ಸಿಗುವುದು ಬೆಂಕಿ, ಪ್ರವಾಹದಂಥ ಅನಾಹುತದಿಂದಾಗಿ 7 ದಿನಗಳೊಳಗೆ ಕಳವಾದರೆ ಮಾತ್ರ. ನಿಮ್ಮೂರಿನ ಕಳ್ಳ ಪ್ರವಾಹಕ್ಕೆ ಕಾಯುವಷ್ಟು ತಾಳ್ಮೆಯವನಲ್ಲದಿದ್ದರೆ ಕನ್ನಗಳವಿನ ರಕ್ಷಣೆಯನ್ನೂ ಸೇರಿಸಿಕೊಳ್ಳಿ.

ಎಚ್ಚರಿಕೆ: "ಬ್ಯಾಂಕ್ ಲಾಕರ್ ಇದೆಯಲ್ಲ" ಎನ್ನುವವರಿಗೆ. ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 3,000 ಆದರೆ 3 ಲಕ್ಷ. ಒಳಗೆ 30 ಲಕ್ಷದ್ದಿತ್ತು ಎಂಬುದು ನಿಮಗೂ ದೇವರಿಗೂ ಬಿಟ್ಟ ವಿಷಯ.

ಹಂತ 5. ಕ್ಲೇಮ್. ಮೊದಲು ಪೊಲೀಸರಿಗೆ ದೂರು, ಜೊತೆಗೇ ಕಂಪನಿಗೆ ಫೋನು, ಆಮೇಲೆ ಸರ್ವೇಯರ್. ಯಾರಿಗೂ ಗೊತ್ತಾಗದಂತೆ ಇಡುವುದು ನಮ್ಮ ಮನೆತನದ ವಿದ್ಯೆ. ಇತ್ತೆಂದು ತೋರಿಸಿ ಎನ್ನುವುದು ವಿಮೆಯವರ ಹಟ. ಆದ್ದರಿಂದ ಬಿಲ್ಲು, ಫೋಟೊ, ಪತ್ರಗಳನ್ನು ಒಡವೆ ಪೆಟ್ಟಿಗೆಯಲ್ಲೇ ಇಡಬೇಡಿ. ಕಳ್ಳನಿಗೆ ಅವುಗಳ ಅಗತ್ಯ ಬೀಳುವುದಿಲ್ಲ.